ಒಂಬತ್ತನೇ ನಂಬರಿನವನ ಮೊಣಕಾಲು

ಆ ಹುಡುಗನ ಮೊಣಕಾಲಿನ ಸಂಗತಿ ಹೊರಗೆ ಬಿದ್ದದ್ದು ನನ್ನ ಬಾಯಿಂದ. ಬೇರೆ ಯಾರ ತಪ್ಪೂ ಇಲ್ಲ.

ನನಗೆ ಉಳುಕು ತೆಗೆಯಲು ಬರುತ್ತದೆ. ಯಜಮಾನರಿಗೆ ರೈಲ್ವೆಯಲ್ಲಿ ನಾಗಪುರಕ್ಕೆ ವರ್ಗವಾದಾಗ ಧಾರವಾಡದ ಕಡೆಯಿಂದ ನಾನು ತಂದ ವಿದ್ಯೆ ಅದೊಂದೇ. ಫುಟ್‌ಬಾಲ್ ಆಡುವ ಹುಡುಗರು ಬಂದು ಕಾಲು ಚಾಚಿ ಕೂರುತ್ತಾರೆ. ಯಾವ ತಂಡದವನು ಎಂದು ನಾನು ಕೇಳುವುದಿಲ್ಲ. ನನ್ನ ಮೊಮ್ಮಗನೂ ಆಡುತ್ತಾನೆ. ಅವನ ಎದುರು ತಂಡದ ಒಂಬತ್ತನೇ ನಂಬರಿನ ಮರಾಠಿ ಹುಡುಗ ಎರಡು ತಿಂಗಳಿಂದ ನನ್ನ ಹತ್ತಿರ ಬರುತ್ತಿದ್ದ. ಅವನ ಎಡ ಮೊಣಕಾಲಿನ ಚಿಪ್ಪು ಜಾರುತ್ತಿತ್ತು.

ಮೊಮ್ಮಗನ ತಂಡಕ್ಕೆ ದುಡ್ಡು ಹಾಕುವವನು ಗಾಂಧಿಬಾಗಿನ ಒಬ್ಬ ಬಟ್ಟೆ ಶೇಠ. ಒಂದು ದಿನ ಮನೆಗೆ ಬಂದು ನನ್ನ ಕಾಲು ಮುಟ್ಟಿದ. ನಿಮ್ಮ ಕೈಗುಣ ದೊಡ್ಡದಂತೆ ಎಂದು ಹಿಂದಿಯಲ್ಲಿ ಹೊಗಳಿದ. ನಾನು ಉಬ್ಬಿದೆ. ಒಂಬತ್ತನೇ ನಂಬರಿನವನು ಓಡುವುದೇ ನನ್ನಿಂದ, ಒಂದು ಮೊಣಕಾಲು ಇನ್ನೂ ಕಚ್ಚಾ ಇದೆ, ಪಟ್ಟಿ ಕಟ್ಟಿ ಆಡಿಸುತ್ತಿದ್ದೇನೆ ಎಂದೆ. ಶೇಠ ಚಹಾ ಪೂರ್ತಿ ಕುಡಿದು ಹೋದ.

ಪಂದ್ಯದ ದಿನ ಬೆಳಿಗ್ಗೆ ಮೊಮ್ಮಗ ಅವಲಕ್ಕಿ ಮುಂದಿಟ್ಟುಕೊಂಡು ತಿನ್ನದೆ ಕೂತಿದ್ದ.

"ಯಾಕೋ, ಹೊಟ್ಟಿ ಕೆಟ್ಟೈತೇನು?"

"ಅಜ್ಜಿ, ಒಂಬತ್ತನೇ ನಂಬರ್‌ದವನ್ನ ಯಾರು ಸ್ಟ್ರೆಚರ್ ಮ್ಯಾಲೆ ಕಳಸ್ತಾರ, ಅವ್ರಿಗೆ ಐದು ಸಾವಿರ ಅಂತ. ಶೇಠ ಹೇಳ್ಯಾನ."

"ಅವಗೇನು ತಲಿ ಕೆಟ್ಟೈತೇನು?"

"ಪಟ್ಟಿ ಕಟ್ಟಿದ ಮೊಣಕಾಲಿಗೇ ಒದೀರಿ ಅಂದಾನ. ಅವಗ ಹೆಂಗ ಗೊತ್ತಾತು?"

ಆ ಚಿಪ್ಪನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದವಳು ನಾನು. ಅದರ ಮೇಲೆ ಬೂಟು ಬಿದ್ದರೆ ಏನಾಗುತ್ತದೆಂದು ನನಗೆ ಗೊತ್ತು.

"ನೀ ಒದೀತೀಯೇನು?"

"ನಾ ಬಿಟ್ರ ಬ್ಯಾರೆಯವ್ರು ಬಿಡ್ತಾರೇನು?"

ಆಟೋ ಹಿಡಿದು ಅವನಿಗಿಂತ ಮೊದಲೇ ಮೈದಾನಕ್ಕೆ ಹೋದೆ. ಆ ಹುಡುಗ ಬೂಟಿನ ಲೇಸು ಕಟ್ಟುತ್ತಿದ್ದ. ಎಲ್ಲ ಹೇಳಿದೆ. ಬಾಯಿ ಬಿಟ್ಟವಳು ನಾನೇ ಎಂದೂ ಹೇಳಿದೆ. ಅವನು ಬೈಯಲಿಲ್ಲ. ಆಡಬೇಡ ಎಂದರೆ, ಇವತ್ತು ದೊಡ್ಡ ತಂಡಕ್ಕೆ ಆಯ್ಕೆ ಮಾಡುವವರು ಬರುತ್ತಾರೆ ಆಜೀ, ಆಡಲೇಬೇಕು ಎಂದ. ನಾನೇ ಎಡಗಾಲಿನ ಪಟ್ಟಿ ಬಿಚ್ಚಿ ಬಲಗಾಲಿಗೆ ಬಿಗಿದೆ. ಒದ್ದರೆ ಗಟ್ಟಿ ಕಾಲಿಗೇ ಒದೆಯಲಿ, ತಡೆದುಕೊಳ್ಳುತ್ತದೆ ಅಂದುಕೊಂಡೆ.

ಮೊಮ್ಮಗ ಮೈದಾನಕ್ಕಿಳಿದವನೇ ಪಟ್ಟಿ ನೋಡಿದ, ಆಮೇಲೆ ನನ್ನನ್ನು ನೋಡಿದ. ನಿಜವಾದ ಕಚ್ಚಾ ಕಾಲು ಯಾವುದೆಂದು ಅವನ ತಂಡದಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೇ. ನಾನು ಎಣ್ಣೆ ಹಚ್ಚುವಾಗ ಎಷ್ಟೋ ಸಲ ಪಕ್ಕದಲ್ಲಿ ಕೂತಿದ್ದ. ನಾನೇ ಎತ್ತಿ ಆಡಿಸಿದ ಮೊಮ್ಮಗನಿಗೆ ಅಂದು ನಾನು ಹೆದರಿದೆ.

ಒಂಬತ್ತನೇ ನಂಬರಿನ ಹುಡುಗ ಚೆಂಡು ತಂದ. ಮೊಮ್ಮಗ ಅಡ್ಡ ಹೋದ. ಕಣ್ಣು ಮುಚ್ಚಿಕೊಂಡೆ. ತೆರೆದಾಗ ಮೊಮ್ಮಗ ಚೆಂಡನ್ನಷ್ಟೇ ಕಿತ್ತುಕೊಂಡು ಓಡುತ್ತಿದ್ದ. ಗೆರೆಯ ಆಚೆ ಶೇಠ ಅವನ ಹೆಸರು ಹಿಡಿದು ಬೈಯುತ್ತಿದ್ದ.

ಸ್ವಲ್ಪ ಹೊತ್ತಿಗೆ ಮೊಮ್ಮಗನ ತಂಡದ ಇನ್ನೊಬ್ಬ ದಢಿಯ ಎರಡೂ ಕಾಲೆತ್ತಿ ಪಟ್ಟಿಯ ಮೇಲೆ ಬಿದ್ದ. ಸಪ್ಪಳ ನನ್ನವರೆಗೂ ಬಂತು. ಹುಡುಗ ಏಳಲಿಲ್ಲ.

ಸ್ಟ್ರೆಚರ್ ತರುವ ಮೊದಲೇ ಮೊಮ್ಮಗ ಶೇಠನ ಎದುರಿಗೇ ಹುಡುಗನ ತೋಳಿನ ಕೆಳಗೆ ಹೆಗಲು ಕೊಟ್ಟು ಎಬ್ಬಿಸಿ, ಕುಂಟಿಸುತ್ತ ಹೊರಗೆ ತಂದ.

"ಅಜ್ಜಿ, ನೋಡ್ತಾ ನಿಂತೀಯೇನು? ಜಲ್ದಿ ಆಟೋ ಕರಿ!"

ಧರಮಪೇಠದ ಡಾಕ್ಟರು ಎಕ್ಸ್-ರೇ ತೆಗೆಸಿದರು. ಎಡಗಾಲಿಗೆ ಏನೂ ಆಗಿರಲಿಲ್ಲ. ಬಲಗಾಲಿನ ಚಿಪ್ಪು ಬಿರುಕು ಬಿಟ್ಟಿತ್ತು. ಮುಂದೆ ಆಡುವುದು ಮೂರು ತಿಂಗಳ ಮೇಲೆ ನೋಡೋಣ ಎಂದರು.

ಪ್ಲಾಸ್ಟರ್ ಹಾಕುವಾಗ ಹುಡುಗ ನನ್ನ ಕಡೆ ತಿರುಗಿ, ಇದನ್ನು ಬಿಚ್ಚಿದ ಮೇಲೆ ನೀನೇ ತಿಕ್ಕಬೇಕು ಆಜೀ ಎಂದ. ಹೂಂ ಎಂದೆ. ಆ ಪಟ್ಟಿ ಬಿಗಿದ ಕೈಗಳನ್ನು ಅವನಿಗೆ ಕಾಣದ ಹಾಗೆ ಸೆರಗಿನೊಳಗೆ ಇಟ್ಟುಕೊಂಡೆ.