ನೋವಿಲ್ಲದವರ ಬೆಂಚು

ನಮ್ಮ ಹಲ್ಲಿನ ಆಸ್ಪತ್ರೆಯ ಬಾಗಿಲಲ್ಲಿ ಹದಿನೇಳು ವರ್ಷ ಚೀಟಿ ಕೊಟ್ಟವರನ್ನು ಎಲ್ಲರೂ ಚೀಟಿಯಮ್ಮ ಎಂದೇ ಕರೆಯುತ್ತಿದ್ದರು. ನಾನು ಅಲ್ಲಿಯ ಡಾಕ್ಟರು. ಬಂದವರಲ್ಲಿ ಅರ್ಧ ಜನಕ್ಕೆ ನನ್ನ ಮುಖ ನೆನಪಿರುವುದಿಲ್ಲ, ಚೀಟಿಯಮ್ಮನ ಮಾತನ್ನು ಮಾತ್ರ ಯಾರೂ ಮರೆತವರಿಲ್ಲ. ಅಬ್ಬಬ್ಬಾ, ಅರಳು ಹುರಿದ ಹಾಗೆ ಮಾತು!

ಅವರ ಮೇಜಿನ ಮೇಲೆ ಎರಡು ಕಟ್ಟು ಚೀಟಿ. ನೋವಿದ್ದವರಿಗೆ ಕೆಂಪು, ಇಲ್ಲದವರಿಗೆ ಬಿಳಿ. ಕೆಂಪು ಮುಗಿದ ಮೇಲೆ ಬಿಳಿ. ಕೆಂಪು ಮುಗಿಯುತ್ತಲೇ ಇರಲಿಲ್ಲವಾದ್ದರಿಂದ ಬಿಳಿ ಚೀಟಿಯವರು ಗೋಡೆಬದಿಯ ಬೆಂಚಿನಲ್ಲಿ ಕೂತು ಕೂತು ಎದ್ದು ಹೋಗುತ್ತಿದ್ದರು. ಈ ಏರ್ಪಾಡು ನನ್ನದೇ. ಒಬ್ಬನೇ ಡಾಕ್ಟರು, ಒಂದೇ ಕುರ್ಚಿ, ಇನ್ನೇನು ಮಾಡಲಿ? ಕೆಂಪು ಚೀಟಿಗಾಗಿ ನಾಟಕ ಆಡುವವರನ್ನು ಚೀಟಿಯಮ್ಮ ಅಲ್ಲೇ ಹಿಡಿಯುತ್ತಿದ್ದರು.

“ಏನಣ್ಣಾ, ಒಳಗೆ ಬರುವಾಗ ಎಡಗೆನ್ನೆ ಹಿಡ್ಕೊಂಡಿದ್ದೆ, ಈಗ ಬಲಗೆನ್ನೆ. ನೋವೇನು ಮನೆ ಬದಲಾಯಿಸ್ತಾ? ತಗೋ, ಬಿಳಿ ಚೀಟಿ.”

ಬೆಂಚಿಗೆ ಬೆಂಚೇ ನಗುತ್ತಿತ್ತು. ನೋವಲ್ಲಿದ್ದವರೂ ಕೆನ್ನೆ ಒತ್ತಿಕೊಂಡು ನಗುತ್ತಿದ್ದರು.

ಒಂದು ಮಧ್ಯಾಹ್ನ ನಾನು ಕೈ ತೊಳೆಯುತ್ತಿದ್ದಾಗ ಅವರೇ ಬಂದು ನಿಂತರು. “ಡಾಕ್ಟ್ರೇ, ನಾಲಿಗೆ ಪಕ್ಕದಲ್ಲಿ ಬೆಳ್ಳಗೆ ಏನೋ ಆಗಿದೆ. ನೋವೇನಿಲ್ಲ.”

“ನೋವಿಲ್ಲ ಅಂದ್ಮೇಲೆ ಬಿಳಿ ಚೀಟಿ ತಗೊಂಡು ಕೂತ್ಕೊಳ್ಳಿ,” ಎಂದೆ. ಅವರೂ ನಕ್ಕರು, ನಾನೂ ನಕ್ಕೆ. ಆ ನಗುವಿಗಿಷ್ಟು ಬೆಂಕಿ ಬೀಳ!

ಅದೇ ತಿಂಗಳು ದೊಡ್ಡ ಲಕೋಟೆಯೊಂದು ಬಂತು. ಹನ್ನೆರಡು ದೇಶಗಳ ದಂತವೈದ್ಯರು ಕೂಡಿ ಮಾಡಿಕೊಂಡ ಸಂಘದ್ದು. ಒಳಗೆ ಗೋಡೆಗೆ ಅಂಟಿಸುವ ಚಿತ್ರಪಟ, ಜೊತೆಗೊಂದು ಕಾಗದ. ನೋವಿಲ್ಲವೆಂದು ಯಾರನ್ನೂ ಕಳಿಸಬೇಡಿ, ಎಲ್ಲರ ನಾಲಿಗೆಯನ್ನೂ ಎತ್ತಿ ನೋಡಿ, ಬಿಳಿ ಮಚ್ಚೆಯೋ ಹುಣ್ಣೋ ಎರಡು ವಾರದಲ್ಲಿ ಮಾಯದಿದ್ದರೆ ಫೋಟೋ ಕಳಿಸಿ, ನಮ್ಮಲ್ಲೊಬ್ಬರು ಅದೇ ದಿನ ಉತ್ತರಿಸುತ್ತೇವೆ ಎಂದು ಬರೆದಿತ್ತು. ಓದಿ ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷ ಹಲ್ಲು ಕಿತ್ತವನಿಗೆ ಇವರು ಪಾಠ ಹೇಳುವುದೇ? ಅದೆಲ್ಲ ನಾನೂ ಓದಿ ಪಾಸಾದದ್ದೇ. ಓದಿದವನು ನೋಡುತ್ತಿರಲಿಲ್ಲ ಎಂಬುದು ಬೇರೆ ಮಾತು. ಲಕೋಟೆಯನ್ನು ಕಪಾಟಿನಲ್ಲಿ ಹಳೆಯ ಎಕ್ಸರೇಗಳ ಕೆಳಗೆ ತುರುಕಿದೆ.

ಎಂಟು ತಿಂಗಳ ಮೇಲೆ ಆ ಸಂಘದ ವೈದ್ಯೆಯೊಬ್ಬರು ಮೂರು ದಿನಕ್ಕೆಂದು ಬಂದರು. ಮೊದಲು ಆಸ್ಪತ್ರೆಯವರ ಬಾಯಿ ನೋಡೋಣ, ಆಗ ಜನಕ್ಕೂ ಅಂಜಿಕೆ ಹೋಗುತ್ತದೆ ಎಂದರು. ಚೀಟಿಯಮ್ಮ ಕುರ್ಚಿ ಹತ್ತಿ, “ಹದಿನೇಳು ವರ್ಷ ಆದ್ಮೇಲೆ ನನ್ನ ನಂಬರು ಬಂತಪ್ಪಾ!” ಎಂದು ಬೆಂಚಿನ ಕಡೆ ಕೈ ಬೀಸಿದರು. ವೈದ್ಯೆ ಬಟ್ಟೆಯಲ್ಲಿ ನಾಲಿಗೆ ಹಿಡಿದು ಪಕ್ಕಕ್ಕೆ ಎಳೆದರು. ಅಂಚಿನಲ್ಲಿ ಗಟ್ಟಿಯಾದ ಹುಣ್ಣು. ಕ್ಯಾನ್ಸರೆಂದು ದೂರದಿಂದಲೇ ನನಗೆ ಗೊತ್ತಾಯಿತು.

ಇದು ಯಾವಾಗಿನಿಂದ ಇದೆ ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದರು. ನಾನು ಚೀಟಿಯಮ್ಮನಿಗೆ ಕನ್ನಡದಲ್ಲಿ ಕೇಳಿದೆ.

“ನಿಮ್ಗೇ ಗೊತ್ತಲ್ಲ ಡಾಕ್ಟ್ರೇ,” ಎಂದರು.

ಇತ್ತೀಚೆಗೆ ಆದದ್ದಂತೆ ಎಂದು ನಾನು ವೈದ್ಯೆಗೆ ಹೇಳಿದೆ. ಇಬ್ಬರ ನಡುವೆ ನಿಂತು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವುದಿಲ್ಲವೆಂಬ ಧೈರ್ಯದಲ್ಲಿ ಹಸಿ ಸುಳ್ಳು ಹೇಳಿದೆ.

ದೊಡ್ಡ ಆಸ್ಪತ್ರೆಯಲ್ಲಿ ಬೇಗ ದಿನ ಸಿಗುವಂತೆ ಸಂಘದವರೇ ಓಡಾಡಿದರು. ಜೀವ ಉಳಿಯಿತು. ಅರ್ಧಕ್ಕಿಂತ ಹೆಚ್ಚು ನಾಲಿಗೆ ಹೋಯಿತು. ಬಿಳಿ ಮಚ್ಚೆಯಾಗಿದ್ದಾಗಲೇ ನೋಡಿದ್ದರೆ ಉಗುರಿನಷ್ಟು ತೆಗೆದು ಕಳಿಸುತ್ತಿದ್ದರು.

ಈಗ ನಮ್ಮಲ್ಲಿ ಎರಡು ಬಣ್ಣದ ಚೀಟಿಯಿಲ್ಲ. ಕೂತವರೆಲ್ಲರ ನಾಲಿಗೆ ಎತ್ತಿ ನೋಡುತ್ತೇನೆ. ಅನುಮಾನ ಬಂದರೆ ಫೋಟೋ ಕಳಿಸುತ್ತೇನೆ, ನಾನು ಕಾಣದ ಊರಿನಿಂದ ನಾನು ಕಾಣದ ಯಾರೋ ಊಟ ಬಿಟ್ಟು ಉತ್ತರ ಬರೆಯುತ್ತಾರೆ. ಒಂದೇ ವರ್ಷದಲ್ಲಿ ಹನ್ನೊಂದು ಜನರ ಬಾಯಿಯಲ್ಲಿ ಸಣ್ಣದಿರುವಾಗಲೇ ಸಿಕ್ಕಿತು. ಪ್ರತಿ ಸಲವೂ ಖುಷಿಯಾಗುತ್ತದೆ, ಖುಷಿಯ ಹಿಂದೆಯೇ ಗೋಡೆಬದಿಯ ಕಡೆ ಕಣ್ಣು ಹೋಗುತ್ತದೆ. ಹದಿನೇಳು ವರ್ಷ ಆ ಬೆಂಚಿನಿಂದ ಎದ್ದು ಹೋದವರೆಲ್ಲ ಏನಾದರೋ, ದೇವರೇ ಬಲ್ಲ.

ಕಳೆದ ವಾರ ಧೈರ್ಯ ಮಾಡಿ ಚೀಟಿಯಮ್ಮನ ಮನೆಗೆ ಹೋದೆ. ಮಗಳು ಕುರ್ಚಿ ಹಾಕಿದಳು. ಲಕೋಟೆಯ ವಿಷಯ, ವೈದ್ಯೆಗೆ ಹೇಳಿದ ಸುಳ್ಳು, ಎಲ್ಲ ಬಾಯಿಬಿಟ್ಟೆ.

“ನೀವು ಕೇಳಿದ ದಿನವೇ ನೋಡ್ಬೇಕಿತ್ತಮ್ಮಾ. ತಪ್ಪಾಯ್ತು,” ಎಂದೆ.

ಚೀಟಿಯಮ್ಮ ಏನೋ ಹೇಳಿದರು. ಅಷ್ಟು ವರ್ಷ ಅವರ ಮಾತು ಕೇಳಿದವನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಮಗಳ ಕಡೆ ತಿರುಗಿದೆ. ಅವಳು ಅಮ್ಮನ ಮುಖ ನೋಡಿದಳು. ಹೇಳು ಎಂಬಂತೆ ಅವರು ತಲೆಯಾಡಿಸಿದರು.

“ಎರಡು ಸಲ ಕೇಳಿದ್ರಂತೆ,” ಎಂದಳು. “ಎರಡನೇ ಸಲ ನೀವು ತಲೆ ಎತ್ತಿ ಕೂಡ ನೋಡ್ಲಿಲ್ವಂತೆ.”

ನನಗೆ ಒಂದು ಸಲದ್ದು ಮಾತ್ರ ನೆನಪಿದೆ.