‘ಆಯ್ತು’ ಎಂದ ಎಂಬತ್ತು ಡೈರಿಗಳು

ಗಂಜಾಂನ ಆತಿಯಾಳ ಕೆಲಸವೇನು ಎಂದು ಯಾರಾದರೂ ಕೇಳಿದರೆ ಅವಳ ಅಪ್ಪ ಖಲಂದರ್ ಸಾಬರು, “ಬೇರೆಯೋರು ಕೆಲಸ ಮಾಡಿದ್ರಾ ಅಂತ ಕೇಳೋ ಕೆಲಸ” ಎನ್ನುತ್ತಿದ್ದರು. ಅದಕ್ಕಿಂತ ಸರಿಯಾಗಿ ಅವಳ ಕಂಪನಿಯವರೂ ಹೇಳಿರಲಿಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಎಂಬತ್ತು ಹಾಲಿನ ಡೈರಿಗಳನ್ನು ಒಂದೇ ತಂತ್ರಾಂಶಕ್ಕೆ ಜೋಡಿಸುವ ಯೋಜನೆಯ ಉಸ್ತುವಾರಿ ಅವಳದು. ಸೋಮವಾರ ಬೆಳಿಗ್ಗೆ ಹಳೆಯ ವ್ಯವಸ್ಥೆ ನಿಲ್ಲುತ್ತದೆ. ಅಷ್ಟರೊಳಗೆ ಹೊಸ ತೂಕದ ಯಂತ್ರ ಕೂರದ ಊರಿನಲ್ಲಿ ಹಾಲು ತೂಗುವಂತಿಲ್ಲ. ತಂದವರು ಬಿಂದಿಗೆ ಹೊತ್ತು ವಾಪಸು ಹೋಗಬೇಕು.

“ಯಂತ್ರ ಕೂರಿಸಿ, ತಿಳಿಸಿ” ಎಂದು ಅವಳು ಎಲ್ಲ ಡೈರಿ ಕಾರ್ಯದರ್ಶಿಗಳಿಗೂ ಸಂದೇಶ ಕಳಿಸಿದ್ದಳು. ‘ಆಯ್ತು’ ಎಂಬ ಉತ್ತರ ಬಂದರೆ ಆಫೀಸಿನ ನಕ್ಷೆಯಲ್ಲಿ ಆ ಊರು ತಾನಾಗಿ ಹಸಿರಾಗಬೇಕು. ಆ ನಿಯಮವೂ ಅವಳದೇ. ಎರಡೇ ದಿನಕ್ಕೆ ನಕ್ಷೆ ಮಳೆ ಬಿದ್ದ ಬಯಲಿನಂತೆ ಹಸಿರಾಗಿಬಿಟ್ಟಿತು.

ಶುಕ್ರವಾರ ವರದಿಗೊಂದು ಫೋಟೊ ಬೇಕೆಂದು ಅವಳು ಕ್ಯಾತನಹಳ್ಳಿಗೆ ಹೋದಳು. ಕಾರ್ಯದರ್ಶಿ ಚಲುವರಾಜು ಎದ್ದು, ತಾವು ಕೂತಿದ್ದ ರಟ್ಟಿನ ಪೆಟ್ಟಿಗೆಯನ್ನು ಟವೆಲಿನಿಂದ ಒರೆಸಿ ಅವಳತ್ತ ತಳ್ಳಿದರು.

“ಕೂತ್ಕಳವ್ವ. ಗಟ್ಟಿಯಾಗೈತೆ.”

ಪೆಟ್ಟಿಗೆಯ ಮೇಲೆ ತನ್ನದೇ ಕಂಪನಿಯ ಮುದ್ರೆ. ಟೇಪು ಕೂಡ ಕಿತ್ತಿರಲಿಲ್ಲ.

“ಚಲುವರಾಜಣ್ಣ, ಆಯ್ತು ಅಂತ ಬರ್ದಿದ್ರಲ್ಲ?”

“ನೀನು ಮಾಡಿ ಅಂದೆ, ನಾನು ಆಯ್ತು ಅಂದೆ. ಆಗೈತೆ ಅಂದ್ನಾ?”

ಆತಿಯಾ ಪೆಟ್ಟಿಗೆಯ ಮೇಲೆ ಕೂತಳು. ಮನೆಯಲ್ಲಿ ಪಾತ್ರೆ ತೊಳೆ ಎಂದಾಗ ತಾನೂ ‘ಆಯ್ತಮ್ಮಾ’ ಎಂದು ಫೋನು ಹಿಡಿದು ಕೂರುವುದು ನೆನಪಾಯಿತು. ಅಲ್ಲಿಂದಲೇ ಉಳಿದ ಕಾರ್ಯದರ್ಶಿಗಳಿಗೆ ಒಬ್ಬೊಬ್ಬರಿಗೇ ಫೋನು ಮಾಡಿದಳು. ನಿಜಕ್ಕೂ ಆಗಿದ್ದದ್ದು ಹನ್ನೊಂದು ಕಡೆ ಮಾತ್ರ.

ಯೋಜನೆಯ ಮುಖ್ಯಸ್ಥ ನರಸಯ್ಯನವರಿಗೆ ಆಮೇಲೆ ಫೋನು.

“ಸರ್, ಸೋಮವಾರ ಬೇಡ. ಅರವತ್ತೊಂಬತ್ತು ಕಡೆ ಯಂತ್ರ ಕೂತಿಲ್ಲ.”

“ನಕ್ಷೆ ಪೂರ್ತಿ ಹಸಿರಾಗೈತಲ್ಲಮ್ಮ?”

“ಬಣ್ಣ ನಂದು ಸರ್. ತಪ್ಪೂ ನಂದೇ.”

“ಮೇಲಿನೋರಿಗೆ ನೀನೇ ಹೇಳ್ಬೇಕು ಕಣಮ್ಮ.”

ಅವಳೇ ಹೇಳಿದಳು, ಬೈಸಿಕೊಂಡಳು, ಒಂದು ತಿಂಗಳು ಗಡುವು ಪಡೆದಳು. ಯಂತ್ರದಿಂದ ಹೊರಬಂದ ಹಾಲಿನ ಚೀಟಿಯ ಫೋಟೊ ಬಂದರೆ ಮಾತ್ರ ಊರು ಹಸಿರು ಎಂದು ನಿಯಮ ಬದಲಾಯಿತು.

ಮೂರನೇ ವಾರ ಕ್ಯಾತನಹಳ್ಳಿಯಲ್ಲಿ ಮೊದಲ ಚೀಟಿ ಹೊರಬಂದಾಗ ಆತಿಯಾ ಅಲ್ಲೇ ಇದ್ದಳು. ಹಾಲು ಹಾಕಿದ ಚಿಕ್ಕಬೋರಮ್ಮ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ನನ್ನೆಸ್ರು ಐತಾ?”

“ಐತೆ ಅಜ್ಜಿ, ಇಲ್ನೋಡಿ.”

“ಎಮ್ಮೇದು?”

“ಎಮ್ಮೆ ಹೆಸರು ಹಾಕಿಲ್ಲ.”

“ಆಲು ಕೊಟ್ಟಿದ್ದು ಅದಲ್ವಾ ಮಗಾ?”

ಆತಿಯಾ ಒಂದು ಕ್ಷಣ ಯೋಚಿಸಿ, ತಂತ್ರಾಂಶದ ಮುಂದಿನ ಆವೃತ್ತಿಯಲ್ಲಿ ಸೇರಿಸಬೇಕಾದವುಗಳ ಪಟ್ಟಿ ತೆರೆದು ಬರೆದುಕೊಂಡಳು. ಅದು ನೂರಾ ಹದಿನೇಳನೆಯದು.