ಲಿನಕ್ಸ್ ಮೇಲೆ ಅರುಣಾಳ ಸಂಶಯ

ಮಿಶ್ರಿಕೋಟಿಯಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವ ಅರುಣಾ, ಹಾಲು ಕೊಂಡರೆ ಬೆರಳದ್ದಿ ನೋಡುವವಳು. ಅಂಥವಳ ಅಂಗಡಿ ನಡೆಯುತ್ತಿದ್ದುದು ಮಾತ್ರ ಕಂಪ್ಯೂಟರ್ ನಡೆಸಲು ಪುಕ್ಕಟೆ ಸಿಗುವ ಎರಡು ವ್ಯವಸ್ಥೆಗಳ ಮೇಲೆ. ದುಮ್ಮವಾಡ ರಸ್ತೆಯ ಮನೆಗಳಿಗೆ ನೆಟ್ ಹಂಚುವ ಕಂಪ್ಯೂಟರಿಗೆ ಪಾಲುದಾರ ಸುಭಾಸ ಲಿನಕ್ಸ್ ಹಾಕಿದ್ದ. ಊರೊಳಗಿನ ಮನೆಗಳ ಕಂಪ್ಯೂಟರಿಗೆ ಅರುಣಾ ತಾನೇ ಕೂತು ಫ್ರೀಬಿಎಸ್‌ಡಿ ಹಾಕಿದ್ದಳು.

ಲಿನಕ್ಸ್ ಯಾವ ಹೊಸ ನೆಟ್‌ವರ್ಕ್ ಕಾರ್ಡು ಸಿಕ್ಕಿಸಿದರೂ ಗುರುತು ಹಿಡಿಯುತ್ತದೆ, ತೊಡಕಾದರೆ ಕೇಳಲು ಸಾವಿರ ಜನ ಸಿಗುತ್ತಾರೆ ಎಂಬುದು ಸುಭಾಸನ ವಾದ. ಕಂಡವರನ್ನೆಲ್ಲ ಒಳಗೆ ಕರೆಯುವ ಮನೆಯನ್ನು ನಂಬಬಾರದು ಎಂಬುದು ಇವಳದು. ಫ್ರೀಬಿಎಸ್‌ಡಿ ಹೊಸ ಕಾರ್ಡುಗಳಿಗೆ ಮುಖ ತಿರುವುತ್ತದೆ, ನಿಜ. ಒಪ್ಪಿಕೊಂಡ ಮೇಲೆ ಮಾತ್ರ ಎಷ್ಟು ಹೊರೆ ಬಿದ್ದರೂ ಹದ ತಪ್ಪುವುದಿಲ್ಲ ಎನ್ನುತ್ತಿದ್ದಳು.

ಈಚೆಗೆ ಸಂಜೆಯಾದರೆ ದುಮ್ಮವಾಡ ರಸ್ತೆಯ ನೆಟ್ ಕಡಿಯತೊಡಗಿತು. ಜನ ಫೋನು ಮಾಡುತ್ತಿದ್ದುದು ಸುಭಾಸನಿಗೆ. ಅವನು ಎದ್ದು ಹೊರಗೆ ಹೋಗಿ ಮಾತಾಡುತ್ತಿದ್ದ. ಹೊರಗೇಕೆ? ಅರುಣಾಳ ತಲೆಯಲ್ಲಿ ಹುಳ ಹೊಕ್ಕಿತು. ಬೇಕಂತಲೇ ಕೆಡಿಸಿ, ಗಿರಾಕಿಗಳನ್ನು ಒಳಗೆ ಹಾಕಿಕೊಂಡು ಬೇರೆ ಅಂಗಡಿ ಇಡುತ್ತಾನೆಯೇ?

“ಲಿನಕ್ಸಿನ ತಪ್ಪಲ್ರಿ ಅಕ್ಕಾರ, ಲೈನ್ ನೋಡೂಣು ಬರ್ರಿ,” ಅಂದ ಸುಭಾಸ.

“ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದ್ಳಂತ. ಅಂಗಡಿ ಕೀಲಿಕೈ ಇಟ್ಟು ಹೋಗು,” ಅಂದಳು ಅರುಣಾ. ಅವನು ಇಟ್ಟು ಹೋದ.

ಇನ್ನು ಅವನ ಕಪಟ ರುಜುವಾತಾಗಬೇಕಲ್ಲ. ಎತ್ತು ಮೈಗಳ್ಳ ಅನ್ನಿಸಿದರೆ ಅವಳಪ್ಪ ಮಾಳಪ್ಪ ನೊಗದ ಮಗ್ಗಲು ಬದಲಿಸಿ ಹೂಡುತ್ತಿದ್ದ; ಆಗಲೂ ಹಿಂದುಳಿದರೆ ದೋಷ ಎತ್ತಿನದೇ. ಅರುಣಾ ಎರಡು ಕಂಪ್ಯೂಟರುಗಳ ಲೈನು ಅದಲುಬದಲು ಮಾಡಿದಳು. ಸಂಜೆ ಊರೊಳಗೆ ಲಿನಕ್ಸ್ ತಣ್ಣಗೆ ನಡೆಯಿತು. ದುಮ್ಮವಾಡ ರಸ್ತೆಯಲ್ಲಿ ಅವಳ ಮುದ್ದಿನ ಫ್ರೀಬಿಎಸ್‌ಡಿಯೇ ಮುಗ್ಗರಿಸಿತು.

ಅರುಣಾ ವೈರಿನ ಜಾಡು ಹಿಡಿದು ನಡೆದಳು. ಅದು ಅವಳ ಗಂಡನ ಹಿಟ್ಟಿನ ಗಿರಣಿಗೆ ಮುಟ್ಟಿತು. ನೆಟ್ಟನ್ನು ಮುಂದಿನ ಮನೆಗಳಿಗೆ ದಾಟಿಸುವ ಡಬ್ಬಿಗೆ ಗಿರಣಿಯದೇ ಕರೆಂಟು. ಸಂಜೆ ಮೋಟರು ಗುರ್ ಎಂದಾಗಲೆಲ್ಲ ಕರೆಂಟು ಕುಸಿದು ಡಬ್ಬಿಯ ದೀಪ ಆರುತ್ತಿತ್ತು. ಅಲ್ಲಿಂದ ಕರೆಂಟು ಕೊಡಿಸಿದವಳು ಅರುಣಾಳೇ.

ಮರುದಿನ ದುಮ್ಮವಾಡಕ್ಕೆ ಹೋಗಿ ಸುಭಾಸನ ಅಂಗಳದಲ್ಲಿ ನಿಂತಳು. “ತಪ್ಪಾತೋ ತಮ್ಮಾ. ಲೈನ್ ಬದಲಿ ಮಾಡಿ ನೋಡಿದೆ, ಲಿನಕ್ಸಿಂದ ಏನೂ ತಪ್ಪಿಲ್ಲ. ಬಾ.”

ಸುಭಾಸ ಕೂಡಿಸಿ ಚಹಾ ಕೊಟ್ಟ. ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ.

“ಮಷೀನ್ ಮ್ಯಾಲ ಸಂಶೆ ಬಂತು, ತಿರುಗಾ ಮುರುಗಾ ಹಚ್ಚಿ ನೋಡಿದ್ರಿ,” ಅಂದ. “ನನ್ನ ಮ್ಯಾಲ ಬಂದಾಗ ಒಂದು ಮಾತರ ಕೇಳಿದ್ರೇನ್ರಿ, ಅಕ್ಕಾರ?”

ಅರುಣಾ ಚಹಾದ ಕಪ್ಪು ಕೆಳಗಿಟ್ಟು ಎದ್ದಳು. ಮಿಶ್ರಿಕೋಟಿಯ ಬಸ್ಸನ್ನು ಒಬ್ಬಳೇ ಹತ್ತಿದಳು.